ಎಲ್ಲರಿಗೂ ಸೇರಿದ ಜಾಗಗಳು: ಆಗ್ನೇಯ ಏಷ್ಯಾದ ಊರುಗಳ ದಿನದ ಬದುಕು

ಎಲ್ಲರಿಗೂ ನಮಸ್ಕಾರ.

ಬೆಳಗಿನ ತಿಂಡಿಯಿಂದಲೇ ಶುರು ಮಾಡುತ್ತೇನೆ. ಸಿಂಗಾಪುರ, ಪೆನಾಂಗ್, ಬ್ಯಾಂಕಾಕ್, ಹನೋಯ್, ಇವುಗಳಲ್ಲಿ ಯಾವ ಊರಿಗೇ ಹೋಗಿ, ಬೆಳಗ್ಗೆ ಏಳು ಗಂಟೆಗೆ ಬೀದಿಗೆ ಇಳಿಯಿರಿ. ಊರಿನ ಬಹಳಷ್ಟು ಜನ ಆಗಲೇ ಹೊರಗೆ ಕೂತು ತಿನ್ನುತ್ತಿರುತ್ತಾರೆ. ಸಮವಸ್ತ್ರ ಹಾಕಿದ ಮಕ್ಕಳು, ಪೇಪರ್ ಹಿಡಿದ ಅಜ್ಜಂದಿರು, ಬ್ಯಾಂಕಿನ ನೌಕರರು, ರಸ್ತೆ ಗುಡಿಸಿ ಬಂದವರು, ಎಲ್ಲರೂ ಅಕ್ಕಪಕ್ಕದಲ್ಲೇ ಇರುತ್ತಾರೆ. ಅವರಿಗೆ ಇದು ವಿಶೇಷ ದಿನದ ಹೋಟೆಲ್ ಊಟ ಅಲ್ಲ. ದಿನವೂ ಹೀಗೆಯೇ.

ನಾವು ಪ್ರವಾಸ ಹೋದಾಗ ದೇವಸ್ಥಾನ, ಬೀಚು, ಮಾಲು ನೋಡಿ ಬರುತ್ತೇವೆ. ಅವು ಚೆನ್ನಾಗಿಯೇ ಇವೆ. ಆದರೆ ಈ ಊರುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅಲ್ಲಿನ ಬದುಕಿನ ದೊಡ್ಡ ಭಾಗ ಎಲ್ಲರಿಗೂ ಸೇರಿದ ಜಾಗದಲ್ಲಿ ನಡೆಯುತ್ತದೆ. ಊಟದ ಮೇಜು, ಜಗುಲಿ, ದೋಣಿ, ಗದ್ದೆಗೆ ಹರಿಯುವ ನೀರು, ಕೊನೆಗೆ ಮೌನ ಕೂಡ ಹಂಚಿಕೊಂಡದ್ದೇ. ಇವು ತಾವಾಗಿ ಹುಟ್ಟಿಕೊಂಡವಲ್ಲ. ಯಾರೋ ಕಟ್ಟಿದರು, ಯಾರೋ ಕಟ್ಟಳೆ ಮಾಡಿದರು, ಯಾರೋ ಅದರ ಬೆಲೆಯನ್ನೂ ತೆತ್ತರು. ಇವತ್ತು ಅದನ್ನೇ ಹೇಳಬೇಕೆಂದಿದ್ದೇನೆ.

ಮೊದಲು ಸಿಂಗಾಪುರದ ಹಾಕರ್ ಸೆಂಟರ್. ಒಂದೇ ದೊಡ್ಡ ಸೂರು, ಸುತ್ತ ಗೋಡೆ ಇಲ್ಲ, ತಲೆಯ ಮೇಲೆ ಫ್ಯಾನು. ಸಾಲು ಸಾಲಾಗಿ ಸಣ್ಣ ಸಣ್ಣ ಅಂಗಡಿಗಳು. ಒಂದೊಂದು ಅಂಗಡಿಯವರು ಒಂದೋ ಎರಡೋ ತಿನಿಸು ಮಾತ್ರ ಮಾಡುತ್ತಾರೆ, ಅದನ್ನೇ ಮೂವತ್ತು ನಲವತ್ತು ವರ್ಷ ಮಾಡಿರುತ್ತಾರೆ. ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಮಲಯ್ ಅಂಗಡಿಯಿಂದ ಒಬ್ಬರು, ಚೀನೀ ಅಂಗಡಿಯಿಂದ ಇನ್ನೊಬ್ಬರು, ತಮಿಳು ಅಂಗಡಿಯ ದೋಸೆ ತಂದ ಮತ್ತೊಬ್ಬರು ಒಂದೇ ಮೇಜಿಗೆ ಕೂರುತ್ತಾರೆ. ಮೇಜು ಹಿಡಿಯಬೇಕಾದರೆ ಅದರ ಮೇಲೆ ಟಿಶ್ಯೂ ಪೇಪರಿನ ಸಣ್ಣ ಪೊಟ್ಟಣ ಇಟ್ಟು ಹೋಗುತ್ತಾರೆ. ಅದನ್ನು ಯಾರೂ ಮುಟ್ಟುವುದಿಲ್ಲ.

ಕಾಫಿಗೆ ಅಲ್ಲಿ ಕೊಪಿ ಎನ್ನುತ್ತಾರೆ. ಬೀಜವನ್ನು ಸಕ್ಕರೆ ಮತ್ತು ಮಾರ್ಗರಿನ್ ಹಾಕಿ ಹುರಿದು, ಉದ್ದನೆಯ ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಬಣ್ಣ ಕಡುಗಪ್ಪು. ಸುಮ್ನೆ ಕೊಪಿ ಎಂದರೆ ಮಂದವಾದ ಸಿಹಿ ಹಾಲು, ಅಂದರೆ ಕಂಡೆನ್ಸ್ಡ್ ಮಿಲ್ಕ್ ಹಾಕಿ ಕೊಡುತ್ತಾರೆ. ಕೊಪಿ ಓ ಎಂದರೆ ಹಾಲಿಲ್ಲ, ಸಕ್ಕರೆ ಉಂಟು. ಕೊಪಿ ಓ ಕೊಸೊಂಗ್ ಎಂದರೆ ಎರಡೂ ಇಲ್ಲ. ನಮ್ಮ ಫಿಲ್ಟರ್ ಕಾಫಿಯ ರುಚಿ ಹುಡುಕಬೇಡಿ. ಇದಕ್ಕೆ ಇದರದೇ ರುಚಿ ಇದೆ, ಎರಡು ಮೂರು ದಿನದಲ್ಲಿ ನಾಲಿಗೆಗೆ ಹತ್ತುತ್ತದೆ.

ಈ ಸೂರುಗಳ ಹಿಂದೆ ಒಂದು ಕಥೆ ಇದೆ. 1960ರ ದಶಕದಲ್ಲಿ ಸಿಂಗಾಪುರದ ಬೀದಿಗಳಲ್ಲಿ ತಳ್ಳುಗಾಡಿ, ಬುಟ್ಟಿ ಇಟ್ಟುಕೊಂಡು ಅಡುಗೆ ಮಾರುವವರು ತುಂಬಿದ್ದರು. ನಲ್ಲಿ ನೀರಿಲ್ಲ, ಕೊಳಕು ಹೋಗಲು ಚರಂಡಿ ಇಲ್ಲ, ಕಾಯಿಲೆ ಹರಡುತ್ತಿತ್ತು. 1968-69ರಲ್ಲಿ ಸರ್ಕಾರ ಇವರನ್ನೆಲ್ಲ ನೋಂದಾಯಿಸಿತು. ಸುಮಾರು 18,000 ಜನ ಇದ್ದರು. ಆಮೇಲೆ ನೀರು, ಕರೆಂಟು, ಚರಂಡಿ ಇರುವ ಕಟ್ಟಡ ಕಟ್ಟಿ, ಒಂದೊಂದೇ ಬೀದಿಯವರನ್ನು ಅದರೊಳಗೆ ಕರೆದುಕೊಂಡು ಹೋದರು. 1986ರ ಹೊತ್ತಿಗೆ ಆ ಕೆಲಸ ಮುಗಿಯಿತು. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಮಾರುವವರನ್ನು ಓಡಿಸಿ ಕೈತೊಳೆದುಕೊಳ್ಳಲಿಲ್ಲ. ಕೈಗೆಟಕುವ ಬಾಡಿಗೆಗೆ ಜಾಗ ಕೊಟ್ಟರು. ಅದಕ್ಕೇ ಅಷ್ಟು ದುಬಾರಿ ಊರಿನಲ್ಲಿಯೂ ಸಾಮಾನ್ಯ ಸಂಬಳದವರು ಹೊರಗೆ ಹೊಟ್ಟೆ ತುಂಬ ತಿನ್ನಬಹುದು. 2020ರಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಊರಿನಲ್ಲಿ ನೂರಕ್ಕೂ ಹೆಚ್ಚು ಹಾಕರ್ ಸೆಂಟರ್‌ಗಳಿವೆ.

2021ರಿಂದ ಇನ್ನೊಂದು ಕಟ್ಟಳೆ ಬಂತು. ತಿಂದವರೇ ತಟ್ಟೆ ಎತ್ತಿಟ್ಟು ಬರಬೇಕು, ಇಲ್ಲದಿದ್ದರೆ ದಂಡ. ಮೇಜು ಒರೆಸುವವರಲ್ಲಿ ಹೆಚ್ಚಿನವರು ವಯಸ್ಸಾದವರು. ನನಗೆ ಈ ಕಟ್ಟಳೆ ತುಂಬಾ ಸರಿ ಅನಿಸಿತು.

ಆದರೆ ಒಂದು ಆತಂಕವೂ ಇದೆ. ಅಂಗಡಿ ನಡೆಸುವವರ ಸರಾಸರಿ ವಯಸ್ಸು 60ರ ಆಸುಪಾಸು. ಬೆಳಗಿನ ಜಾವ ಎದ್ದು, ಬೆಂಕಿಯ ಮುಂದೆ ಹನ್ನೆರಡು ಗಂಟೆ ನಿಲ್ಲುವ ಕೆಲಸಕ್ಕೆ ಮಕ್ಕಳು ಬರುವುದಿಲ್ಲ. ಬರಲಿ ಎಂದು ತಂದೆ ತಾಯಿಯೂ ಬಯಸುವುದಿಲ್ಲ. ಜನ ಒಂದು ತಟ್ಟೆ ನೂಡಲ್ಸ್ ಅಗ್ಗವಾಗಿಯೇ ಇರಬೇಕು ಎನ್ನುತ್ತಾರೆ. ಆ ಅಗ್ಗದ ಭಾರ ಹೊರುತ್ತಿರುವುದು ಒಲೆಯ ಮುಂದಿನ ಆ ಅಮ್ಮನ ಬೆನ್ನು.

ಸಿಂಗಾಪುರದ ಮನೆಗಳ ಬಗ್ಗೆಯೂ ಎರಡು ಮಾತು. ಅಲ್ಲಿನ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಸರ್ಕಾರಿ ಮಂಡಳಿ ಕಟ್ಟಿದ ಫ್ಲ್ಯಾಟುಗಳಲ್ಲಿ ಇದ್ದಾರೆ. ಆ ಕಟ್ಟಡಗಳಲ್ಲಿ ಹೆಚ್ಚಿನವುಗಳ ಕೆಳಗಿನ ಅಂತಸ್ತು ಖಾಲಿ, ಬರೀ ಕಂಬಗಳು. ಅದನ್ನು ವಾಯ್ಡ್ ಡೆಕ್ ಎನ್ನುತ್ತಾರೆ. ಒಂದು ಶನಿವಾರ ಅಲ್ಲಿ ಮಲಯ್ ಮದುವೆ ನಡೆಯುತ್ತದೆ. ಇನ್ನೊಂದು ದಿನ ಅದೇ ಜಾಗದಲ್ಲಿ ಚೀನೀ ಮನೆಯವರು ತೀರಿಕೊಂಡವರನ್ನು ಇಟ್ಟು ರಾತ್ರಿಯಿಡೀ ಕಾಯುತ್ತಾರೆ. ಉಳಿದ ದಿನ ಅಜ್ಜಂದಿರ ಚದುರಂಗ, ಮಕ್ಕಳ ಸೈಕಲ್ಲು. ಒಂದೇ ಜನಾಂಗದವರು ಒಂದೇ ಕಡೆ ಗುಂಪಾಗಬಾರದೆಂದು 1989ರಿಂದ ಪ್ರತಿ ಕಟ್ಟಡಕ್ಕೂ ಜನಾಂಗವಾರು ಮಿತಿ ಇದೆ. ಇದರಿಂದ ಕೆಲವರಿಗೆ ಮನೆ ಮಾರುವಾಗ ತೊಂದರೆಯಾಗುತ್ತದೆ, ಖರೀದಿಸುವವರು ಕಡಿಮೆ ಸಿಗುತ್ತಾರೆ. ಆದರೂ ಪಕ್ಕದ ಮನೆಯವರ ಹಬ್ಬ ಯಾವಾಗ ಎಂದು ಅಲ್ಲಿನ ಮಕ್ಕಳಿಗೆ ಗೊತ್ತಿದೆ.

ಇಷ್ಟು ಹೊಗಳಿದ ಮೇಲೆ ಇದನ್ನೂ ಹೇಳಲೇಬೇಕು. ಆ ಫ್ಲ್ಯಾಟು, ಆ ಮೆಟ್ರೊ ಕಟ್ಟಿದವರಲ್ಲಿ ಬಹಳ ಜನ ತಮಿಳುನಾಡು, ಬಾಂಗ್ಲಾದೇಶಗಳಿಂದ ಬಂದ ಕೂಲಿಗಳು. ಅವರು ಇರುವುದು ಊರಂಚಿನ ಡಾರ್ಮಿಟರಿಗಳಲ್ಲಿ, ಒಂದು ಕೋಣೆಯಲ್ಲಿ ಹತ್ತಾರು ಜನ. 2020ರಲ್ಲಿ ಅಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಕೊರೊನಾ ಮೊದಲು ಬೆಂಕಿಯಂತೆ ಹಬ್ಬಿದ್ದು ಅಲ್ಲಿಯೇ. ಭಾನುವಾರ ಸಂಜೆ ಲಿಟ್ಲ್ ಇಂಡಿಯಾದ ಹುಲ್ಲುಹಾಸಿನ ಮೇಲೆ ಕೂತು ಊರಿಗೆ ವಿಡಿಯೊ ಕಾಲ್ ಮಾಡುವ ಈ ಹುಡುಗರನ್ನು ನೋಡದೆ ಸಿಂಗಾಪುರ ನೋಡಿದೆ ಎನ್ನಬಾರದು.

ಈಗ ಪೆನಾಂಗ್. ಮಲೇಷ್ಯಾದ ಈ ದ್ವೀಪದಲ್ಲಿ ಜಾರ್ಜ್ ಟೌನ್ ಎಂಬ ಹಳೆಯ ಊರಿದೆ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಲೈಟ್ ಇಲ್ಲಿ ಬಂದರು ಸ್ಥಾಪಿಸಿದ. ಅಲ್ಲಿ ಒಂದೇ ರಸ್ತೆ ಹಿಡಿದು ಸುಮ್ನೆ ನಡೆಯಿರಿ. 1818ರ ಸೇಂಟ್ ಜಾರ್ಜ್ ಚರ್ಚು ಸಿಗುತ್ತದೆ. ಸ್ವಲ್ಪ ಮುಂದೆ ಕುವಾನ್ ಯಿನ್ ದೇವಿಯ ಚೀನೀ ಗುಡಿ, ಊದುಬತ್ತಿಯ ಹೊಗೆಯಲ್ಲಿ ಮುಳುಗಿರುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆಗೆ 1833ರ ಮಹಾಮಾರಿಯಮ್ಮನ ಗುಡಿ. ಕೊನೆಗೆ ಕಪಿತಾನ್ ಕೆಲಿಂಗ್ ಮಸೀದಿ, ದಕ್ಷಿಣ ಭಾರತದ ಮುಸ್ಲಿಮ್ ವ್ಯಾಪಾರಿಗಳು 1801ರಲ್ಲಿ ಶುರು ಮಾಡಿದ್ದು. ಇಷ್ಟಕ್ಕೆ ಹತ್ತು ನಿಮಿಷದ ನಡಿಗೆ ಸಾಕು.

ಬಿಸಿಲಿರಲಿ ಮಳೆಯಿರಲಿ, ಈ ಊರಿನಲ್ಲಿ ನೆನೆಯದೆ ನಡೆಯಬಹುದು. ಪ್ರತಿ ಅಂಗಡಿಯ ಮುಂದೆ ಐದು ಅಡಿಯ ಮುಚ್ಚಿದ ಜಗುಲಿ ಇದೆ. ಅಂಗಡಿಯ ಜಾಗ ಮಾಲೀಕರದೇ, ಆದರೆ ಆ ಐದು ಅಡಿ ದಾರಿಹೋಕರಿಗೆ ಬಿಡಬೇಕು. 1822ರಲ್ಲಿ ಸಿಂಗಾಪುರಕ್ಕೆ ನಕ್ಷೆ ಮಾಡಿದಾಗ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಇದನ್ನು ಕಟ್ಟಳೆಯಾಗಿ ಬರೆಸಿದ. ಅಲ್ಲಿಂದ ಸುತ್ತಲಿನ ಊರುಗಳಿಗೂ ಹರಡಿತು. ಚಮ್ಮಾರ, ಜ್ಯೋತಿಷಿ, ಬೀಗ ರಿಪೇರಿಯವನು, ಹೂ ಕಟ್ಟುವವಳು, ಎಲ್ಲರೂ ಇಲ್ಲಿಯೇ ಸಂಸಾರ ಸಾಗಿಸಿದವರು. ಸಂಜೆ ನಾಸಿ ಕಂದರ್ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತದೆ. ತಮಿಳು ಮುಸ್ಲಿಮರು ಮೊದಲು ಹೆಗಲ ಮೇಲಿನ ಅಡ್ಡೆಯಲ್ಲಿ ಅನ್ನ ಮತ್ತು ಸಾರು ಹೊತ್ತು, ಬಂದರಿನ ಕೂಲಿಗಳಿಗೆ ಮಾರುತ್ತಿದ್ದ ಊಟ ಅದು.

2008ರಲ್ಲಿ ಜಾರ್ಜ್ ಟೌನ್‌ಗೆ ಯುನೆಸ್ಕೊ ಮನ್ನಣೆ ಸಿಕ್ಕಿತು. ಆದರೆ ಅದಕ್ಕೂ ಮೊದಲೇ ಒಂದು ದೊಡ್ಡ ಏಟು ಬಿದ್ದಿತ್ತು. ಹಳೆಯ ಮನೆಗಳ ಬಾಡಿಗೆ ಏರದಂತೆ ತಡೆದಿದ್ದ ಕಾನೂನು 2000ದ ಶುರುವಿಗೆ ಕೊನೆಯಾಯಿತು. ತಲೆಮಾರುಗಳಿಂದ ಇದ್ದ ಬಾಡಿಗೆದಾರರು ಊರು ಬಿಟ್ಟರು. ಈಗ ಆ ಮನೆಗಳಲ್ಲಿ ಅನೇಕ ಕಡೆ ಕೆಫೆ, ಹೋಟೆಲ್ಲು. ಬಣ್ಣ ಚೆನ್ನಾಗಿದೆ, ಕಿಟಕಿ ಚೆನ್ನಾಗಿದೆ, ಒಳಗೆ ಸಂಸಾರ ಇಲ್ಲ. ಗೋಡೆ ಉಳಿಸಿದ ಹಾಗೆ ಗೋಡೆಯೊಳಗಿನ ಜನರನ್ನೂ ಉಳಿಸಬೇಕಿತ್ತು ಎಂಬ ನೋವು ನನಗೆ ಅಲ್ಲಿ ಬಹಳ ಕಾಡಿತು.

ಸಸ್ಯಾಹಾರಿಗಳು ಏನು ಮಾಡಬೇಕು ಎಂದು ಇಲ್ಲಿ ಕೆಲವರ ಮನಸ್ಸಿನಲ್ಲಿ ಪ್ರಶ್ನೆ ಇದ್ದೇ ಇರುತ್ತದೆ, ಅಲ್ವಾ? ಹಸಿದಿರಬೇಕಾಗಿಲ್ಲ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ, ಅದು ಜೇ ಊಟ. ಮಾಂಸ, ಮೀನು ಇಲ್ಲ, ಬೆಳ್ಳುಳ್ಳಿ ಈರುಳ್ಳಿ ಕೂಡ ಇಲ್ಲ. ವಿಯೆಟ್ನಾಮಿನಲ್ಲಿ ಚಾಯ್ (Chay) ಎಂಬ ಫಲಕ ನೋಡಿ, ಅದು ಚಹಾ ಅಲ್ಲ, ಸಸ್ಯಾಹಾರ ಎಂದರ್ಥ. ಅಲ್ಲಿ ಬೌದ್ಧರಲ್ಲಿ ಅನೇಕರು ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಮಾಂಸ ಬಿಡುತ್ತಾರೆ, ಹಾಗಾಗಿ ಅಂಥ ಅಂಗಡಿ ಪ್ರತಿ ಊರಿನಲ್ಲೂ ಉಂಟು. ಬೇರೆ ಕಡೆ ತಿನ್ನುವಾಗ ಮೀನಿನ ಸಾಸ್ ಬಗ್ಗೆ ಮೊದಲೇ ಕೇಳಿಕೊಳ್ಳಿ. ಅವರ ಲೆಕ್ಕದಲ್ಲಿ ಅದು ಉಪ್ಪಿನ ಹಾಗೆ.

ಹನೋಯ್ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಫುಟ್‌ಪಾತಿನಲ್ಲಿಯೇ ಕಾಫಿ ಕುಡಿಯುತ್ತಾರೆ. ಲೋಟದ ಮೇಲೆ ಸಣ್ಣ ತಗಡಿನ ಫಿಲ್ಟರ್ ಇಟ್ಟು ಕೊಡುತ್ತಾರೆ, ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವವರೆಗೆ ಮಾತಾಡುತ್ತಾ ಕೂರಬೇಕು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ವಿಯೆಟ್ನಾಂ, ಅದರಲ್ಲಿ ಬಹುಪಾಲು ರೊಬಸ್ಟಾ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಅಲ್ಲಿನ ಫಸಲಿನ ಸುದ್ದಿ ಚೆನ್ನಾಗಿ ಗೊತ್ತಿರುತ್ತದೆ, ಏಕೆಂದರೆ ಅಲ್ಲಿ ಮಳೆ ಕೈಕೊಟ್ಟರೆ ಇಲ್ಲಿಯ ಬೆಲೆ ಅಲುಗಾಡುತ್ತದೆ. ಬೆಳಗ್ಗೆ ಹೊಆನ್ ಕಿಯೆಮ್ ಕೆರೆಯ ದಂಡೆಗೆ ಹೋಗಿ. ಅಜ್ಜಿಯರು ಗುಂಪಾಗಿ ಬೀಸಣಿಗೆ ಹಿಡಿದು ವ್ಯಾಯಾಮ ಮಾಡುತ್ತಿರುತ್ತಾರೆ. ವಾರದ ಕೊನೆಯಲ್ಲಿ ಕೆರೆಯ ಸುತ್ತ ವಾಹನ ಬಿಡುವುದಿಲ್ಲ. ಆಗಾಗ ನಗರಾಡಳಿತ ಫುಟ್‌ಪಾತ್ ತೆರವು ಮಾಡಿಸುತ್ತದೆ. ಆಗ ಮೊದಲು ಜಾಗ ಕಳೆದುಕೊಳ್ಳುವುದು ಹಳ್ಳಿಯಿಂದ ಬಂದು ಹೆಗಲ ಅಡ್ಡೆಯಲ್ಲಿ ಹಣ್ಣು ಮಾರುವ ಹೆಂಗಸರು. ಸಿಂಗಾಪುರದ ಹಾಗೆ ಅವರಿಗೆ ಸೂರು ಕಟ್ಟಿಕೊಟ್ಟವರಿಲ್ಲ.

ಬ್ಯಾಂಕಾಕಿನಲ್ಲಿ ಪ್ರವಾಸಿಗಳು ಹೋಗುವ ದೊಡ್ಡ ನದಿಯ ದೋಣಿ ಬೇರೆ. ನಾನು ಹೇಳುವುದು ಸೇನ್ ಸೇಪ್ ಕಾಲುವೆಯ ದೋಣಿ. ಈ ಕಾಲುವೆ ತೋಡಿದ್ದು 1837ರಿಂದ 1840ರವರೆಗೆ, ಪೂರ್ವ ದಿಕ್ಕಿನಲ್ಲಿ ನಡೆಯುತ್ತಿದ್ದ ಯುದ್ಧಕ್ಕೆ ಸೈನಿಕರನ್ನು, ದವಸವನ್ನು ಸಾಗಿಸಲು. ಇವತ್ತು ಅದರಲ್ಲಿ ಆಫೀಸಿಗೆ ಹೋಗುವವರು ತುಂಬಿರುತ್ತಾರೆ. ದೋಣಿ ದಡಕ್ಕೆ ತಾಗಿ ಕೆಲವೇ ಕ್ಷಣ ನಿಲ್ಲುತ್ತದೆ, ಅಷ್ಟರಲ್ಲಿ ಹತ್ತಬೇಕು, ಇಳಿಯಬೇಕು. ಟಿಕೆಟ್ ಕೊಡುವವರು ಹೆಲ್ಮೆಟ್ ಹಾಕಿಕೊಂಡು, ದೋಣಿಯ ಹೊರ ಅಂಚಿನ ಮೇಲೆ ಹಗ್ಗ ಹಿಡಿದು ನಡೆಯುತ್ತಾರೆ. ಎದುರಿಂದ ಇನ್ನೊಂದು ದೋಣಿ ಬಂದರೆ ಕಪ್ಪು ನೀರು ಮೇಲೆ ಸಿಡಿಯುತ್ತದೆ. ಆಗ ಅಂಚಿನಲ್ಲಿ ಕೂತವರು ಹಗ್ಗ ಜಗ್ಗಿ ಪ್ಲಾಸ್ಟಿಕ್ ಪರದೆ ಏರಿಸಬೇಕು. ಇಡೀ ಸಾಲು ನೆನೆಯದಂತೆ ನೋಡಿಕೊಳ್ಳುವುದು ಅಂಚಿನವರ ಕೆಲಸ. ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ಮೇಲಿನ ರಸ್ತೆಯಲ್ಲಿ ಕಾರುಗಳು ಗಂಟೆಗಟ್ಟಲೆ ನಿಂತಿರುವಾಗ ಇದು ಬಡವರನ್ನೂ ಮಧ್ಯಮ ವರ್ಗದವರನ್ನೂ ಸರಿಯಾದ ಹೊತ್ತಿಗೆ ತಲುಪಿಸುತ್ತದೆ. ಒಂದು ಕಾಲದಲ್ಲಿ ಬ್ಯಾಂಕಾಕಿನಲ್ಲಿ ಇಂಥ ಕಾಲುವೆಗಳು ಎಲ್ಲೆಲ್ಲೂ ಇದ್ದವು. ಬಹಳಷ್ಟನ್ನು ಮುಚ್ಚಿ ರಸ್ತೆ ಮಾಡಿದರು. ಈಗ ಮಳೆ ಬಂದರೆ ಆ ರಸ್ತೆಗಳೇ ಕಾಲುವೆ ಆಗುತ್ತವೆ. ಬೆಂಗಳೂರಿನಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಏಪ್ರಿಲ್ 13ರಿಂದ 15ರವರೆಗೆ ಅಲ್ಲಿ ಸೊಂಗ್‌ಕ್ರಾನ್, ಅಂದರೆ ಸೂರ್ಯ ಮೇಷ ರಾಶಿಗೆ ಬರುವ ಹೊಸ ವರ್ಷ. ನಮ್ಮ ಕರಾವಳಿಯಲ್ಲಿ ಬಿಸು ಆಚರಿಸುವುದೂ ಅದೇ ಹೊತ್ತಿಗೆ. ಟಿವಿಯಲ್ಲಿ ತೋರಿಸುವುದು ಬೀದಿಯ ನೀರಾಟ. ಮನೆಗಳಲ್ಲಿ ಕಿರಿಯರು ಹಿರಿಯರ ಅಂಗೈಗೆ ಪರಿಮಳದ ನೀರು ಹಾಕಿ ಆಶೀರ್ವಾದ ಬೇಡುತ್ತಾರೆ. ಬಿಸು ಕಣಿ ಇಟ್ಟು ಹಿರಿಯರ ಕಾಲಿಗೆ ಬೀಳುವ ಮನೆಯಿಂದ ಹೋದವರಿಗೆ ಅದನ್ನು ನೋಡಿದರೆ ಕಣ್ಣು ತುಂಬುತ್ತದೆ.

ಫಿಲಿಪ್ಪೀನ್ಸಿನ ಜೀಪ್ನಿ ಬಗ್ಗೆ ಒಂದು ವಿಷಯ ಮಾತ್ರ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಬಣ್ಣ ಬಳಿದು ಶುರುವಾದ ವಾಹನ ಇದು. ಎರಡು ಉದ್ದ ಬೆಂಚು, ಎದುರುಬದುರು ಕೂರಬೇಕು. ಸಾಮಾನ್ಯವಾಗಿ ಕಂಡಕ್ಟರ್ ಇರುವುದಿಲ್ಲ. ಹಿಂದೆ ಕೂತವರು ಹಣವನ್ನು ಪಕ್ಕದವರ ಕೈಗೆ ಕೊಡುತ್ತಾರೆ, ಅದು ಕೈಯಿಂದ ಕೈಗೆ ದಾಟಿ ಡ್ರೈವರಿಗೆ ಮುಟ್ಟುತ್ತದೆ. ಚಿಲ್ಲರೆಯೂ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಗುರುತಿಲ್ಲದ ಐದಾರು ಜನರ ಕೈ ದಾಟಿ ಬಂದರೂ ಒಂದು ಪೆಸೊ ಕೂಡ ಕಡಿಮೆ ಆಗುವುದಿಲ್ಲ. ಹೊಗೆ ಜಾಸ್ತಿ ಎಂದು 2017ರಿಂದ ಸರ್ಕಾರ ಹಳೆಯ ಜೀಪ್ನಿಗಳನ್ನು ಬದಲಿಸಲು ಹೊರಟಿದೆ. ಹೊಸ ಗಾಡಿಯ ಸಾಲ ಹೊರಲಾರೆವು ಎಂದು ಚಾಲಕರು ಮುಷ್ಕರ ಮಾಡುತ್ತಲೇ ಇದ್ದಾರೆ. ಗಾಳಿಯೂ ಎಲ್ಲರದೇ, ಅದು ನಿಜ. ಆದರೆ ಅದನ್ನು ಸ್ವಚ್ಛ ಮಾಡುವ ಖರ್ಚು ಚಾಲಕರೊಬ್ಬರ ತಲೆಗೇ ಕಟ್ಟುವುದು ನ್ಯಾಯ ಅಲ್ಲ ಎಂದೇ ನನ್ನ ಅಭಿಪ್ರಾಯ.

ಕೊನೆಗೆ ಬಾಲಿ, ಇಂಡೊನೇಷ್ಯಾದಲ್ಲಿ ಹಿಂದೂಗಳೇ ಹೆಚ್ಚಾಗಿರುವ ದ್ವೀಪ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ.

ಬಾಲಿಯ ಬೆಳಗು ಚಾನಾಂಗ್ ಸಾರಿಯಿಂದ ಶುರುವಾಗುತ್ತದೆ. ಎಳೆಯ ತೆಂಗಿನ ಗರಿಯಿಂದ ಅಂಗೈಯಷ್ಟು ತಟ್ಟೆ ಹೆಣೆದು, ಹೂವು ಇಟ್ಟು, ಊದುಬತ್ತಿ ಹಚ್ಚಿ ಮನೆಯ ಮುಂದೆ, ಅಂಗಡಿಯ ಹೊಸ್ತಿಲಲ್ಲಿ, ಸ್ಕೂಟರಿನ ಮೇಲೆ ಇಡುತ್ತಾರೆ. 210 ದಿನಕ್ಕೊಮ್ಮೆ ಬರುವ ತುಂಪೆಕ್ ಲಂಡೆಪ್ ದಿನ ಕಬ್ಬಿಣದ ಸಾಮಾನಿಗೆ ಪೂಜೆ. ಕಾರು, ಬೈಕುಗಳಿಗೆ ಗರಿಯ ಅಲಂಕಾರ ಮಾಡಿರುವುದನ್ನು ನೋಡಿದರೆ ನಮ್ಮ ಆಯುಧ ಪೂಜೆ ನೆನಪಾಗದೆ ಇರುವುದಿಲ್ಲ.

ಆದರೆ ಬಾಲಿಯ ನಿಜವಾದ ಜೀವ ಇರುವುದು ಸುಬಕ್‌ನಲ್ಲಿ. ಸುಬಕ್ ಎಂದರೆ ಒಂದೇ ಮೂಲದಿಂದ ನೀರು ಪಡೆಯುವ ಗದ್ದೆಯವರ ಸಂಘ. ಒಂದೇ ಹಳ್ಳಿಯವರಾಗಿರಬೇಕು ಎಂದೇನಿಲ್ಲ, ಒಂದೇ ನೀರಿನವರಾಗಿರಬೇಕು. ಒಂಬತ್ತನೇ ಶತಮಾನದಿಂದ ಈ ಪದ್ಧತಿ ಇದೆ. ದ್ವೀಪದಲ್ಲಿ ಸುಮಾರು 1,200 ಸುಬಕ್‌ಗಳಿವೆ. ಕಾಲುವೆ ಕವಲೊಡೆಯುವ ಕಡೆ ಮರದ ದಿಮ್ಮಿ ಅಡ್ಡ ಇಟ್ಟು, ಅದರಲ್ಲಿ ಅಳತೆಯ ಕಚ್ಚು ಕೊರೆದಿರುತ್ತಾರೆ. ಯಾರ ಪಾಲು ಎಷ್ಟೋ ಕಚ್ಚು ಅಷ್ಟೇ ಅಗಲ. ನೀರು ಹೆಚ್ಚಾದರೂ ಕಡಿಮೆಯಾದರೂ ಪಾಲು ಕೆಡುವುದಿಲ್ಲ. ಕದ್ದರೆ ದಂಡ. ಕಾಲುವೆ ತೋಡಲು, ರಿಪೇರಿ ಮಾಡಲು ಎಲ್ಲರೂ ಬರಬೇಕು. ಯಾವಾಗ ನಾಟಿ, ಯಾವಾಗ ನೀರು ನಿಲ್ಲಿಸಬೇಕು ಎಂಬುದು ನೀರಿನ ಗುಡಿಗಳ ಸಭೆಯಲ್ಲಿ ತೀರ್ಮಾನ ಆಗುತ್ತದೆ.

1970ರ ದಶಕದಲ್ಲಿ ಹಸಿರು ಕ್ರಾಂತಿ ಅಲ್ಲಿಗೂ ಬಂತು. ಗುಡಿಯ ಪಂಚಾಂಗ ನೋಡಬೇಡಿ, ಹೊಸ ಭತ್ತವನ್ನು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಮತ್ತೆ ಮತ್ತೆ ಹಾಕಿ ಎಂದು ಸರ್ಕಾರ ಹೇಳಿತು. ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ನಾಟಿ ಮಾಡಿದರು. ಮೊದಲು ಇಳುವರಿ ಏರಿತು. ಆಮೇಲೆ ನೀರಿಗೆ ಜಗಳ, ಗದ್ದೆಗೆ ಕಂದು ಜಿಗಿಹುಳು, ಇಲಿ. ಔಷಧಿ ಹೊಡೆದಷ್ಟೂ ಹುಳು ಹೆಚ್ಚಾಯಿತು. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಮಾನವಶಾಸ್ತ್ರಜ್ಞರು, ಜೇಮ್ಸ್ ಕ್ರೇಮರ್ ಎಂಬ ಪರಿಸರ ವಿಜ್ಞಾನಿಯ ಜೊತೆ ಸೇರಿ ಕಂಪ್ಯೂಟರಿನಲ್ಲಿ ಇಡೀ ಕಣಿವೆಯ ಲೆಕ್ಕ ಹಾಕಿ ನೋಡಿದರು. ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಕೊಯ್ದು ಒಟ್ಟಿಗೆ ಖಾಲಿ ಬಿಟ್ಟರೆ ಹುಳುವಿಗೆ ತಿನ್ನಲು ಏನೂ ಇರುವುದಿಲ್ಲ, ಸಾಯುತ್ತದೆ. ಆದರೆ ಇಡೀ ಕಣಿವೆ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲದು. ಈ ಎರಡರ ನಡುವೆ ಸರಿಯಾದ ಅಳತೆ ಬೇಕು. ಗುಡಿಗಳು ಹಾಕಿಕೊಟ್ಟಿದ್ದ ವೇಳಾಪಟ್ಟಿ ಹೆಚ್ಚು ಕಡಿಮೆ ಅದೇ ಅಳತೆಯದಾಗಿತ್ತು.

ಮೇಲಿನ ಗದ್ದೆಯವರಿಗೆ ನೀರು ಮೊದಲು ಸಿಗುತ್ತದೆ, ಅವರೇಕೆ ಕೆಳಗಿನವರ ಮಾತು ಕೇಳುತ್ತಾರೆ ಎಂದು ನೀವು ಕೇಳಬಹುದು. ಉತ್ತರ ಆ ಹುಳುವಿನಲ್ಲಿಯೇ ಇದೆ. ಕೆಳಗಿನವರು ನೀರಿಲ್ಲದೆ ಬೇರೆ ಹೊತ್ತಿಗೆ ನಾಟಿ ಮಾಡಿದರೆ, ಅವರ ಗದ್ದೆಯಲ್ಲಿ ಬೆಳೆದ ಹುಳು ಮೇಲಿನವರ ಗದ್ದೆಗೂ ಬರುತ್ತದೆ. ನಮ್ಮ ಹಳೆಯ ಮೈಸೂರಿನ ಕೆರೆಗಳಿಗೂ ನೀರುಗಂಟಿ ಇದ್ದರು. ತೂಬು ಎತ್ತುವುದು, ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವುದು ಅವರ ಕೆಲಸ. ಊರು ಅವರಿಗೆ ದವಸ ಅಳೆಯುತ್ತಿತ್ತು. ಆ ಕೆಲಸ ನಮ್ಮಲ್ಲಿ ಬಹಳ ಕಡೆ ನಿಂತುಹೋಯಿತು. ಬಾಲಿಯಲ್ಲಿ ಇನ್ನೂ ಉಳಿದಿದೆ.

ಇನ್ನು ನ್ಯೆಪಿ, ಅಂದರೆ ಬಾಲಿಯವರು ಮೌನದಲ್ಲಿ ಆಚರಿಸುವ ಹೊಸ ವರ್ಷ. ಬಾಲಿಯವರದ್ದೂ ಶಕ ವರ್ಷವೇ, ನಮ್ಮ ಪಂಚಾಂಗದ ಶಾಲಿವಾಹನ ಶಕದ ಹಾಗೆ. 2023ರಲ್ಲಿ ನಮ್ಮ ಯುಗಾದಿ ಮತ್ತು ಅವರ ನ್ಯೆಪಿ ಒಂದೇ ದಿನ, ಮಾರ್ಚ್ 22ಕ್ಕೆ ಬಂದಿದ್ದವು. ಹಿಂದಿನ ರಾತ್ರಿ ಓಗೊ ಓಗೊ ಎಂಬ ದೊಡ್ಡ ದೊಡ್ಡ ಭೂತದ ಬೊಂಬೆಗಳ ಮೆರವಣಿಗೆ, ಗದ್ದಲವೋ ಗದ್ದಲ. ಮರುದಿನ ಬೆಳಗಿನಿಂದ 24 ಗಂಟೆ ಬೆಂಕಿ ಇಲ್ಲ, ಕೆಲಸ ಇಲ್ಲ, ಓಡಾಟ ಇಲ್ಲ, ಮನರಂಜನೆ ಇಲ್ಲ. ವಿಮಾನ ನಿಲ್ದಾಣ ಮುಚ್ಚುತ್ತದೆ. 2018ರಿಂದ ಮೊಬೈಲ್ ಇಂಟರ್‌ನೆಟ್ ಕೂಡ ನಿಲ್ಲಿಸುತ್ತಾರೆ. ಆಸ್ಪತ್ರೆಗಳು ಮಾತ್ರ ನಡೆಯುತ್ತವೆ. ಚೌಕಳಿ ಪಂಚೆ ಉಟ್ಟ ಪೆಚಾಲಾಂಗ್ ಎಂಬ ಊರ ಕಾವಲುಗಾರರು ಬೀದಿ ನೋಡಿಕೊಳ್ಳುತ್ತಾರೆ. ಹಿಂದೂಗಳಲ್ಲದವರೂ, ಪ್ರವಾಸಿಗಳೂ ಹೊರಗೆ ಬರುವಂತಿಲ್ಲ. ಪ್ರವಾಸಿಗಳಿಂದಲೇ ಇಷ್ಟು ದುಡಿಯುವ ದ್ವೀಪ ವರ್ಷಕ್ಕೊಂದು ದಿನ ಆ ದುಡಿಮೆಯನ್ನೇ ನಿಲ್ಲಿಸುವ ಧೈರ್ಯ ಮಾಡುತ್ತದಲ್ಲ, ನನಗೆ ಅದು ತುಂಬಾ ದೊಡ್ಡದಾಗಿ ಕಂಡಿತು.

ಈಗ ಅಲ್ಲಿ ನಡೆಯುತ್ತಿರುವುದು ಸಂತೋಷದ ಸಂಗತಿ ಅಲ್ಲ. ದಕ್ಷಿಣದ ಚಾಂಗು ಕಡೆ ಗದ್ದೆಗಳು ವಿಲ್ಲಾ ಆಗುತ್ತಿವೆ. ಒಂದು ಗದ್ದೆ ಮಾರಿದರೆ ಅದರ ಕಾಲುವೆ ಮುಚ್ಚುತ್ತದೆ, ಕೆಳಗಿನ ಗದ್ದೆಯೂ ಬೆಳೆ ಬಿಡಬೇಕಾಗುತ್ತದೆ, ಕೊನೆಗೆ ಅದನ್ನೂ ಮಾರುತ್ತಾರೆ. ನೀರು ಹೋಟೆಲುಗಳ ಕಡೆ ತಿರುಗುತ್ತಿದೆ. 2012ರಲ್ಲಿ ಯುನೆಸ್ಕೊ ಸುಬಕ್‌ಗೆ ಮನ್ನಣೆ ಕೊಟ್ಟಿತು, ಆದರೆ ಆ ಮನ್ನಣೆ ನೋಡಲು ಬರುವವರಿಗಾಗಿಯೇ ಮತ್ತಷ್ಟು ಹೋಟೆಲ್ ಏಳುತ್ತವೆ. ನಾವು ಕೂಡ ಹಾಗೆ ಬರುವವರೇ. ಆದ್ದರಿಂದ ಹೋಗುವವರಲ್ಲಿ ನನ್ನ ಕೋರಿಕೆ ಇಷ್ಟು. ಗದ್ದೆ ಮುಚ್ಚಿ ಕಟ್ಟಿದ ವಿಲ್ಲಾಗಳನ್ನು ಬಿಟ್ಟು, ಹಳ್ಳಿಯವರು ತಮ್ಮ ಮನೆಯಂಗಳದಲ್ಲೇ ಕೊಡುವ ಕೋಣೆಗಳಲ್ಲಿ ಉಳಿದುಕೊಳ್ಳಿ. ವಾರುಂಗ್ ಎಂಬ ಸಣ್ಣ ಅಂಗಡಿಗಳಲ್ಲಿ ಉಣ್ಣಿ. ಯುನೆಸ್ಕೊ ಪಟ್ಟಿಯಲ್ಲಿರುವ ಜತಿಲುವಿಹ್ ಗದ್ದೆಗಳಿಗೆ ಹೋದರೆ ಪ್ರವೇಶದ ಹಣ ಕೊಟ್ಟೇ ಒಳಗೆ ಹೋಗಿ. ಬದುವಿನ ಮೇಲೆ ನಡೆಯುವಾಗ ಕಾಲುವೆ ಕವಲೊಡೆಯುವ ಜಾಗ ಹುಡುಕಿ. ಅಲ್ಲಿ ಯಾರಾದರೂ ರೈತರು ಸಿಕ್ಕರೆ ನೀರಿನ ವಿಷಯ ಕೇಳಿ, ಅವರು ಖುಷಿಯಿಂದ ಹೇಳುತ್ತಾರೆ.

ಇನ್ನು ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.